ಕೊರೊನಾ ವಾಸಿಯಾಯಿತು, ವಾಸನೆ ಮಾತ್ರ ಕೆಟ್ಟಿತು: ಇದು ಮೂಗಿನ ತೊಂದರೆಯೋ, ನರದ ತೊಂದರೆಯೋ?

ಬೆಣ್ಣೆ ವ್ಯಾಪಾರಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ದೋಸೆ ಹೋಟೆಲುಗಳಿಗೆ ಬೆಣ್ಣೆ ಒದಗಿಸುವವನು. ಹಳ್ಳಿಗಳಿಂದ ಬಂದ ಬೆಣ್ಣೆಯನ್ನು ಕೊಳ್ಳುವಾಗ ಉಂಡೆಯ ಒಳಗಿನಿಂದ ಒಂದು ಚೂರು ತೆಗೆದು ಹೆಬ್ಬೆರಳಿನ ಮೇಲೆ ತಿಕ್ಕಿ, ಮೈಬಿಸಿಗೆ ಅದು ಕರಗುವ ಹೊತ್ತಿಗೆ ಮೂಸಿ ನೋಡುತ್ತೇನೆ. ಉಂಡೆಯನ್ನು ಹಾಗೆಯೇ ಮೂಗಿಗೆ ಹಿಡಿದರೆ ಏನೂ ತಿಳಿಯುವುದಿಲ್ಲ. ತಣ್ಣಗಿರುವಾಗ ಕಮಟು ಒಳಗೇ ಅಡಗಿರುತ್ತದೆ.

2021ರ ಎರಡನೇ ಅಲೆಯಲ್ಲಿ ನನಗೂ ಕೊರೊನಾ ಬಂದಿತ್ತು. ಆಸ್ಪತ್ರೆಗೆ ಸೇರಲಿಲ್ಲ, ಆಕ್ಸಿಜನ್ ಬೇಕಾಗಲಿಲ್ಲ. ವಾಸನೆ ಪೂರ್ತಿ ಹೋಯಿತು. ಕೆಲವು ತಿಂಗಳ ಮೇಲೆ ಬಂದಿತು, ಆದರೆ ಬಂದದ್ದು ನನ್ನ ಹಳೆಯ ಮೂಗಲ್ಲ. ಹಸಿ ಬೆಣ್ಣೆಯಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಗೊತ್ತಾಗುವುದಿಲ್ಲ. ಅದೇ ಬೆಣ್ಣೆ ಕಾದ ಹಂಚಿನ ಮೇಲೆ ಬಿದ್ದರೆ ಸುಟ್ಟ ರಬ್ಬರಿನ ನಾತ. ಕಾಫಿ ಬಿಟ್ಟಿದ್ದೇನೆ. ಮನೆಯಲ್ಲಿ ಈರುಳ್ಳಿ ಹುರಿಯುವಾಗ ಹೊರಗೆ ಹೋಗಿ ನಿಲ್ಲುತ್ತೇನೆ. ಈಗ ಬೆಣ್ಣೆ ಮೂಸುವ ಕೆಲಸ ಮಗಳದ್ದು.

ಕಿವಿ-ಮೂಗು-ಗಂಟಲಿನ ವೈದ್ಯರು ನಳಿಕೆ ಹಾಕಿ ನೋಡಿ ಮೂಗು ಸ್ವಚ್ಛವಾಗಿದೆ ಎಂದರು. ಬಂಧುಗಳಲ್ಲಿ ಒಬ್ಬರು ನರ ಸತ್ತಿದೆ ಎನ್ನುತ್ತಾರೆ, ಇನ್ನೊಬ್ಬರು ವೈರಸ್ಸು ಮಿದುಳಿಗೆ ಏರಿ ಅಲ್ಲೇ ಕುಳಿತಿದೆ ಎನ್ನುತ್ತಾರೆ. ಶ್ವಾಸಕೋಶದ ಕಾಯಿಲೆಗೂ ನರಕ್ಕೂ ಏನು ನಂಟು? ತಿಳಿದವರು ಹೇಳಿ.

ಜೋಳದ ಮಂಡಿ, ದಾವಣಗೆರೆ

ಅಣ್ಣಾ, ಕರ್ಪೂರ, ಓಮ, ಲವಂಗ ಸೇರಿಸಿ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ಮೇಲೆ ನೀಲಗಿರಿ ಎಣ್ಣೆ ಹನಿಸಿ ಮೂಸುತ್ತಾ ಇರಿ. ಆಗ ನಮ್ಮ ಎಪಿಎಂಸಿಯಲ್ಲಿ ಎಲ್ಲರ ಜೇಬಿನಲ್ಲೂ ಅದೇ ಇತ್ತು. ಇಷ್ಟು ವರ್ಷಗಳಾದ ಮೇಲೂ ಕೊರೊನಾ ಕೊರೊನಾ ಎಂದು ಕುಳಿತರೆ ಇರುವ ಆರೋಗ್ಯವೂ ಹೋಗುತ್ತದೆ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಮನಸ್ಸಿನದು. ಸಿಟ್ಟಾಗಬೇಡಿ, ನಿಮ್ಮ ಒಳ್ಳೆಯದಕ್ಕೇ ಹೇಳಿದೆ.

ಹರಿಹರದ ವೈದ್ಯೆ

ನಾನು ಜನರಲ್ ಮೆಡಿಸಿನ್ ಓದಿದವಳು, ನರತಜ್ಞೆಯಲ್ಲ. ಎರಡನೇ ಅಲೆಯಲ್ಲಿ ಕೋವಿಡ್ ವಾರ್ಡಿನಲ್ಲಿದ್ದೆ. ಅಂದಿನಿಂದ ಈ ವಿಷಯವನ್ನು ಬಿಡದೆ ಓದುತ್ತಾ ಬಂದಿದ್ದೇನೆ.

ಮೂಗಿನೊಳಗಿನ ಚಾವಣಿಯಲ್ಲಿ, ಎರಡು ಕಣ್ಣುಗಳ ನಡುವಿನ ಎತ್ತರಕ್ಕೆ, ಕೆಲವೇ ಚದರ ಸೆಂಟಿಮೀಟರ್ ಅಗಲದ ಒಂದು ಪೊರೆಯಿದೆ. ವಾಸನೆ ಹಿಡಿಯುವ ನರಕೋಶಗಳು ಇರುವುದು ಅಲ್ಲಿ. ಅವುಗಳ ಎಳೆಗಳು ಮೇಲಿನ ಮೂಳೆಯ ಸಣ್ಣ ಸಣ್ಣ ರಂಧ್ರಗಳನ್ನು ಹಾದು ನೇರವಾಗಿ ಮಿದುಳನ್ನು ಸೇರುತ್ತವೆ. ಹೊರಗಿನ ಗಾಳಿಗೂ ಮಿದುಳಿಗೂ ಇಷ್ಟು ಹತ್ತಿರದ ದಾರಿ ಬೇರೆಲ್ಲೂ ಇಲ್ಲ. ಆದ್ದರಿಂದ 2020ರ ಆರಂಭದಲ್ಲಿ ಅನೇಕರು ವೈರಸ್ಸು ಇದೇ ಏಣಿ ಹಿಡಿದು ಮೇಲೇರುತ್ತದೆ ಎಂದುಕೊಂಡರು. ನಿಮ್ಮ ಬಂಧುಗಳು ಹೇಳುತ್ತಿರುವುದೂ ಅದನ್ನೇ.

ಆದರೆ ಈ ವೈರಸ್ಸಿಗೆ ಕೋಶದೊಳಗೆ ನುಗ್ಗಲು ಎಸಿಇ2 ಎಂಬ ಪ್ರೋಟೀನು ಬೇಕು. ವಾಸನೆಯ ನರಕೋಶಗಳಲ್ಲಿ ಅದು ಇಲ್ಲವೆನ್ನಬಹುದು. ಇರುವುದು ಅವುಗಳ ಸುತ್ತ ನಿಂತು ಪೋಷಿಸುವ ಆಸರೆ ಕೋಶಗಳಲ್ಲಿ. ಹಾರ್ವರ್ಡಿನ ಸಂಶೋಧಕರಿದ್ದ ತಂಡವೊಂದು 2020ರಲ್ಲೇ ಇದನ್ನು ತೋರಿಸಿತು. ನಾಟಕ ಕಂಪನಿಯಲ್ಲಿ ಪಾತ್ರಧಾರಿಗಳೆಲ್ಲ ಬಣ್ಣ ಹಚ್ಚಿಕೊಂಡು ಸಿದ್ಧರಾಗಿದ್ದಾರೆ, ದೀಪ ಮತ್ತು ಪರದೆ ನೋಡಿಕೊಳ್ಳುವವರು ಜ್ವರದಿಂದ ಮಲಗಿದ್ದಾರೆ ಎಂದಿಟ್ಟುಕೊಳ್ಳಿ. ನಾಟಕ ನಡೆಯುವುದಿಲ್ಲ. ನಿಮ್ಮ ಮೂಗಿನಲ್ಲಿ ಮೊದಲು ಆದದ್ದು ಅದು.

ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಆ ಪೊರೆಯ ತಳದಲ್ಲಿ ಮೂಲಕೋಶಗಳಿದ್ದು, ಅವು ಜೀವಮಾನವಿಡೀ ಹೊಸ ನರಕೋಶಗಳನ್ನು ಹುಟ್ಟಿಸುತ್ತಿರುತ್ತವೆ. ಹಾಗಾಗಿ ‘ನರ ಸತ್ತಿದೆ, ಮುಗಿಯಿತು’ ಎನ್ನುವ ಮಾತು ಮೂಗಿನ ಮಟ್ಟಿಗೆ ಸಲ್ಲದು. ಕೆಲವರಲ್ಲಿ ಮಾತ್ರ ಉರಿಯೂತ ಆರುವುದೇ ಇಲ್ಲ. ತಿಂಗಳುಗಳು ಕಳೆದರೂ ವಾಸನೆ ಬಾರದವರ ಪೊರೆಯ ಚೂರುಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿದರು, 2022ರಲ್ಲಿ ಪ್ರಕಟವಾಯಿತು. ವೈರಸ್ಸಿನ ಸುಳಿವು ಸಿಗಲಿಲ್ಲ. ಸಿಕ್ಕದ್ದು ನಮ್ಮದೇ ರೋಗನಿರೋಧಕ ಪಡೆಯ ಟಿ ಕೋಶಗಳು, ಜೊತೆಗೆ ಎಣಿಕೆಯಲ್ಲಿ ಇಳಿದ ನರಕೋಶಗಳು. ಶತ್ರು ಹೋದ ಮೇಲೂ ಸೈನ್ಯ ಹಿಂದಿರುಗಿರಲಿಲ್ಲ.

ಇನ್ನು ಸುಟ್ಟ ರಬ್ಬರಿನ ನಾತ. ಇದಕ್ಕೆ ಪರೋಸ್ಮಿಯಾ ಎನ್ನುತ್ತೇವೆ. ಹೊಸದಾಗಿ ಬೆಳೆದ ನರಕೋಶಗಳ ಸಂಪರ್ಕ ಇನ್ನೂ ಅರೆಬರೆಯಾಗಿರುವಾಗ ಮಿದುಳಿಗೆ ಅರ್ಧ ಸುದ್ದಿ ಮಾತ್ರ ತಲುಪುತ್ತದೆ ಎಂಬುದು ಹೆಚ್ಚು ಜನ ಒಪ್ಪುವ ವಿವರಣೆ. ಕಾಫಿ, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಸುಟ್ಟ ಮಾಂಸ ಇವೇ ಎಲ್ಲೆಡೆ ಕೇಳಿಬರುವ ದೂರುಗಳು. ಹುರಿಯುವಾಗ ಹುಟ್ಟುವ ಕೆಲವು ಗಂಧಕಯುಕ್ತ ಅಣುಗಳು ಎಳ್ಳಷ್ಟಿದ್ದರೂ ಮೂಗನ್ನು ಕೆರಳಿಸುತ್ತವೆ. ಹಸಿ ಬೆಣ್ಣೆ ಸುಮ್ಮನಿದ್ದು, ಹಂಚಿನ ಮೇಲೆ ದೋಸೆ ಕೆಂಪಾಗುವಾಗ ನಾತ ಬರುವುದು ಇದಕ್ಕೆ ಸರಿಯಾಗಿ ಹೊಂದುತ್ತದೆ. ಪರೋಸ್ಮಿಯಾ ಹಿಂಸೆಯೇ ಸರಿ, ಆದರೂ ಏನೂ ಬಾರದಿರುವುದಕ್ಕಿಂತ ಅದು ಒಳ್ಳೆಯ ಸೂಚನೆ.

ಮಾಡಬೇಕಾದದ್ದು ವಾಸನೆಯ ತರಬೇತಿ. ಜರ್ಮನಿಯಲ್ಲಿ 2009ರಲ್ಲಿ ಪ್ರಯೋಗಿಸಿ ತೋರಿಸಿದ ವಿಧಾನ ಇದು, ಕೊರೊನಾಕ್ಕಿಂತ ಹಳೆಯದು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಈ ನಾಲ್ಕನ್ನು ಬೇರೆ ಬೇರೆ ಸಣ್ಣ ಶೀಶೆಗಳಲ್ಲಿಟ್ಟು, ಬೆಳಿಗ್ಗೆ ಸಂಜೆ ಒಂದೊಂದನ್ನು ಹತ್ತಿಪ್ಪತ್ತು ಸೆಕೆಂಡ್ ಮೆಲ್ಲಗೆ ಮೂಸಬೇಕು. ಮೂಸುವಾಗ ಅದರ ಹಳೆಯ ವಾಸನೆಯನ್ನು ನೆನಪಿಗೆ ತಂದುಕೊಳ್ಳಬೇಕು. ಕನಿಷ್ಠ ಮೂರು ತಿಂಗಳು. ಎಲ್ಲರಿಗೂ ಫಲ ಸಿಗುತ್ತದೆ ಎಂದು ಹೇಳಲಾರೆ, ಖರ್ಚಂತೂ ಇಲ್ಲ.

ಮಂಡಿಯವರ ಗಂಟಿನ ಬಗ್ಗೆ: ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಇದ್ದರೆ ಕರ್ಪೂರ ಮತ್ತು ನೀಲಗಿರಿ ಎಣ್ಣೆಯನ್ನು ದೂರವಿಡಿ. ಇವುಗಳಿಂದ ಫಿಟ್ಸ್ ಕೆರಳಿದ ಪ್ರಕರಣಗಳನ್ನು ಬೆಂಗಳೂರಿನ ನರತಜ್ಞರೇ ದಾಖಲಿಸಿದ್ದಾರೆ. ಮಕ್ಕಳ ಕೈಗೆ ಕರ್ಪೂರ ಸಿಗಲೇಬಾರದು. ನುಂಗಿದರೆ ಅದು ವಿಷ.

ಬೆಣ್ಣೆ ವ್ಯಾಪಾರಿ, ದಾವಣಗೆರೆ

ತುಂಬಾ ಉಪಕಾರವಾಯಿತು ಮೇಡಂ. ಒಂದು ಸಂಶಯ. ನೋವಿನ ಮುಲಾಮು ಮೂಗಿನ ಹತ್ತಿರ ಹಿಡಿದರೆ ನನಗೆ ಚೆನ್ನಾಗಿಯೇ ತಿಳಿಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಹಾಗಿದ್ದರೆ ನರ ಸರಿಯಾಗಿದೆ ಎಂದಲ್ಲವೇ?

ಹರಿಹರದ ವೈದ್ಯೆ

ಅಲ್ಲ. ಅದು ಬೇರೆ ನರ. ಮೆಂಥಾಲಿನ ತಂಪು, ಅಮೋನಿಯಾದ ಚುರುಕು, ಮೆಣಸಿನಕಾಯಿಯ ಘಾಟು ಇವನ್ನೆಲ್ಲ ಮಿದುಳಿಗೆ ಮುಟ್ಟಿಸುವುದು ಮುಖದ ಸ್ಪರ್ಶವನ್ನು ಒಯ್ಯುವ ಐದನೇ ಕಪಾಲ ನರ. ವಾಸನೆಯದು ಒಂದನೆಯದು. ಒಂದನೆಯದು ಕೆಲಸ ನಿಲ್ಲಿಸಿದ್ದರೂ ಐದನೆಯದು ಚೆನ್ನಾಗಿಯೇ ಇರಬಹುದು. ಮೂಗು ಪರೀಕ್ಷಿಸುವಾಗ ನಾವು ಕಾಫಿಪುಡಿ, ಸೋಪು ಬಳಸುವುದು, ಮುಲಾಮು ಬಳಸದಿರುವುದು ಇದಕ್ಕೇ.

ಇನ್ನೊಂದು ಮಾತು, ಇದು ಮುಖ್ಯ. ವಾಸನೆ ಸರಿಯಿಲ್ಲದವರಿಗೆ ಗ್ಯಾಸ್ ಸೋರಿದರೆ ಗೊತ್ತಾಗುವುದಿಲ್ಲ. ಸಿಲಿಂಡರಿಗೆ ಸೇರಿಸುವ ಆ ಕೆಟ್ಟ ವಾಸನೆ ನಿಮ್ಮ ಪಾಲಿಗೆ ಇಲ್ಲ. ಮನೆಯಲ್ಲೂ ಬೆಣ್ಣೆ ಕಾಯಿಸುವ ಕಡೆಯಲ್ಲೂ ಗ್ಯಾಸ್ ಸೋರಿಕೆಯ ಅಲಾರಂ ಹಾಕಿಸಿ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಆದ್ದರಿಂದ ಅಲಾರಂ ಕೆಳಗಿರಬೇಕು, ಚಾವಣಿಯ ಹತ್ತಿರವಲ್ಲ.

ಕೋಟೆ ಮೇಷ್ಟ್ರು, ಚಿತ್ರದುರ್ಗ

ಬೆಣ್ಣೆಯವರಿಗೆ ಮೂಗಾದರೂ ಸಾಕ್ಷಿ ಹೇಳುತ್ತದೆ. ನನ್ನ ತೊಂದರೆಗೆ ಸಾಕ್ಷಿಯೇ ಇಲ್ಲ.

ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಕೊರೊನಾ ಬಂದು ಹೋದ ಮೇಲೆ ಕರಿಹಲಗೆಯ ಮುಂದೆ ಒಂದು ವಿಚಿತ್ರ ಆಗತೊಡಗಿತು. ಸಮೀಕರಣದ ಮೊದಲ ಎರಡು ಸಾಲು ಸಲೀಸು. ಮೂರನೆಯದರಲ್ಲಿ ಪದವನ್ನು ಎಡದಿಂದ ಬಲಕ್ಕೆ ಒಯ್ಯುವಾಗ ಕೈಯಲ್ಲಿ ಸುಣ್ಣದ ಕಡ್ಡಿ ಹಿಡಿದೇ ನಿಂತುಬಿಡುತ್ತೇನೆ. ಯಾವುದನ್ನು ಒಯ್ಯುತ್ತಿದ್ದೆ? ಚಿಹ್ನೆ ಏನಿತ್ತು? ವಿಷಯ ಮರೆತಿಲ್ಲ, ಇಪ್ಪತ್ತು ವರ್ಷ ಹೇಳಿಕೊಟ್ಟ ಪಾಠ. ಹಿಡಿದಿಟ್ಟುಕೊಳ್ಳಬೇಕಾದ ಆ ನಾಲ್ಕು ಕ್ಷಣ ಮಾತ್ರ ಕೈಜಾರುತ್ತದೆ. ಮಧ್ಯಾಹ್ನದ ಮೇಲೆ ಇದು ಹೆಚ್ಚು. ಒಂದು ದಿನ ಉತ್ಸಾಹದಿಂದ ಓಡಾಡಿ ಕೆಲಸ ಮಾಡಿದರೆ ಮರುದಿನ ಎದ್ದೇಳಲೂ ಆಗುವುದಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ನಿಂತಿರುವಾಗ ಎದೆ ಡವಡವ ಎನ್ನುತ್ತದೆ, ಕಣ್ಣು ಮಂಜಾಗುತ್ತದೆ.

ಎಂಆರ್‌ಐ ಮಾಡಿಸಿದೆ, ಏನೂ ಇಲ್ಲ. ತೋರಿಸಿದ ಒಂದು ಕಡೆ ‘ಏನೂ ಇಲ್ಲದಿದ್ದಕ್ಕೆ ಖುಷಿಪಡಿ ಮೇಷ್ಟ್ರೇ’ ಎಂದು ಬೆನ್ನು ತಟ್ಟಿ ಕಳುಹಿಸಿದರು. ಆದರೆ ಕೊರೊನಾದಿಂದ ಮಿದುಳು ಕುಗ್ಗುತ್ತದೆ ಎಂದು ಇಂಗ್ಲೆಂಡಿನವರು ಕಂಡುಹಿಡಿದ ಸುದ್ದಿ ಓದಿದ್ದೇನೆ. ಎರಡರಲ್ಲಿ ಯಾವುದನ್ನು ನಂಬಲಿ?

ಹರಿಹರದ ವೈದ್ಯೆ

ಮೇಷ್ಟ್ರೇ, ಎರಡೂ ನಿಜವಾಗಿರಲು ಅಡ್ಡಿಯಿಲ್ಲ.

ನೀವು ಓದಿದ್ದು 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಯುಕೆ ಬಯೋಬ್ಯಾಂಕ್ ಅಧ್ಯಯನ. 51ರಿಂದ 81 ವಯಸ್ಸಿನ 785 ಜನರ ಮಿದುಳನ್ನು ಎರಡು ಸಲ ಸ್ಕ್ಯಾನ್ ಮಾಡಿದ್ದರು. ನಡುವೆ 401 ಜನರಿಗೆ ಸೋಂಕು ಬಂದಿತ್ತು, ಬಹುಪಾಲು ಸೌಮ್ಯವಾಗಿ. ಸೋಂಕಿಗೆ ಮೊದಲಿನ ಚಿತ್ರವೂ ಕೈಯಲ್ಲಿತ್ತು ಎಂಬುದೇ ಅದರ ಬಲ. ಸೋಂಕು ತಗುಲಿದವರಲ್ಲಿ, ವಾಸನೆಗೆ ಸಂಬಂಧಿಸಿದ ಕೆಲವು ಭಾಗಗಳು ಉಳಿದವರಿಗಿಂತ ಸರಾಸರಿ ಶೇ 0.2ರಿಂದ 2ರಷ್ಟು ಹೆಚ್ಚಾಗಿ ತೆಳುವಾಗಿದ್ದವು ಅಥವಾ ಹಾನಿಯ ಗುರುತು ತೋರಿದವು. ಇದು ಗುಂಪಿನ ಸರಾಸರಿ. ಒಬ್ಬರ ಎಂಆರ್‌ಐ ಎತ್ತಿ ನೋಡಿದರೆ ಕಣ್ಣಿಗೆ ಕಾಣುವ ವ್ಯತ್ಯಾಸವಲ್ಲ. ಮೂಗಿನಿಂದ ಸುದ್ದಿ ಬಾರದೆ ಆ ಭಾಗಗಳು ಸೊರಗಿರಲೂಬಹುದು, ಅಂದರೆ ವೈರಸ್ಸು ಅಲ್ಲಿ ಕುಳಿತಿತ್ತು ಎಂದು ಅದು ಸಾಬೀತುಪಡಿಸುವುದಿಲ್ಲ. ‘ಕೊರೊನಾ ಮಿದುಳು ತಿನ್ನುತ್ತದೆ’ ಎಂಬ ತಲೆಬರಹಗಳಿಂದ ನನಗೆ ಕಾಫಿ ಇಲ್ಲದೆಯೇ ತಲೆನೋವು ಬಂದಿದೆ.

ನಿಮ್ಮ ಅನುಭವಕ್ಕೆ ಹೆಚ್ಚು ಹತ್ತಿರದ್ದು 2024ರ ಇನ್ನೊಂದು ಅಧ್ಯಯನ. ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಆನ್‌ಲೈನ್‌ನಲ್ಲಿ ನೆನಪು ಮತ್ತು ತರ್ಕದ ಪರೀಕ್ಷೆ ತೆಗೆದುಕೊಂಡರು. ಸೋಂಕು ಬಂದು ಪೂರ್ತಿ ವಾಸಿಯಾದವರ ಅಂಕ, ಸೋಂಕೇ ಬಾರದವರಿಗಿಂತ ಬುದ್ಧಿಲಬ್ಧದ ಲೆಕ್ಕದಲ್ಲಿ ಸುಮಾರು 3 ಕಡಿಮೆ, ಲಕ್ಷಣಗಳು ಉಳಿದವರದ್ದು 6, ಐಸಿಯುನಲ್ಲಿದ್ದವರದ್ದು 9. ಮೂರು ಅಂಕದ ವ್ಯತ್ಯಾಸ ಸಂತೆಗೆ ಹೋಗುವವನಿಗೆ ತಿಳಿಯದೇ ಹೋಗಬಹುದು. ಹಲಗೆಯ ಮುಂದೆ ನಿಲ್ಲುವವನಿಗೆ ತಿಳಿಯುತ್ತದೆ.

ಹೇಗೆ ಆಗುತ್ತದೆ? ಇಲಿಗಳ ಮೇಲಿನ ಪ್ರಯೋಗವೊಂದರಲ್ಲಿ ಸೋಂಕನ್ನು ಶ್ವಾಸನಾಳಗಳಿಗಷ್ಟೇ ಸೀಮಿತಗೊಳಿಸಿದ್ದರು. ಕಾಯಿಲೆ ಸೌಮ್ಯ, ಮಿದುಳಿನಲ್ಲಿ ವೈರಸ್ಸಿಲ್ಲ. ಆದರೂ ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ ವಾರಗಟ್ಟಲೆ ಕೆರಳಿಯೇ ಇದ್ದವು. ನರತಂತುಗಳಿಗೆ ಮಯಲಿನ್ ಹೊದಿಕೆ ಹಾಕುವ ಕೋಶಗಳು ಕಡಿಮೆಯಾದವು. ನೆನಪಿನ ಕೇಂದ್ರದಲ್ಲಿ ಹೊಸ ಕೋಶ ಹುಟ್ಟುವುದು ತಗ್ಗಿತು. ಎದೆಯಲ್ಲಿ ಎದ್ದ ಉರಿಯೂತದ ರಾಸಾಯನಿಕಗಳು ರಕ್ತದ ಮೂಲಕ ತಲೆಗೆ ಸುದ್ದಿ ಒಯ್ದಿದ್ದವು. ಐರ್ಲೆಂಡಿನವರು 2024ರಲ್ಲಿ ಬ್ರೈನ್ ಫಾಗ್, ಅಂದರೆ ನಿಮ್ಮ ಹಾಗೆ ತಲೆಗೆ ಮಂಜು ಕವಿದಂತಾಗಿ ಗಮನ, ನೆನಪು ಕೈಜಾರುವ ತೊಂದರೆ, ಇದ್ದವರನ್ನು ವಿಶೇಷ ಬಗೆಯ ಎಂಆರ್‌ಐನಲ್ಲಿ ನೋಡಿದಾಗ, ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆ ಅಲ್ಲಲ್ಲಿ ಸೋರುತ್ತಿತ್ತು. ನಮ್ಮಲ್ಲಿ ಮಾಡುವ ಸಾಮಾನ್ಯ ಎಂಆರ್‌ಐ ಗಡ್ಡೆ, ರಕ್ತಸ್ರಾವ, ಪಾರ್ಶ್ವವಾಯು ಹುಡುಕಲು ಇರುವಂಥದ್ದು. ಈ ಸೋರಿಕೆ ಅದರ ಕಣ್ಣಿಗೆ ಬೀಳುವುದಿಲ್ಲ. ನಿಮ್ಮ ಬೆನ್ನು ತಟ್ಟಿದವರು ಸ್ಕ್ಯಾನ್ ಸರಿಯಾಗಿದೆ ಎಂದದ್ದು ಸರಿ. ನಿಮಗೇನೂ ಆಗಿಲ್ಲ ಎಂದದ್ದು ಸರಿಯಲ್ಲ.

ಜೋಳದ ಮಂಡಿ, ದಾವಣಗೆರೆ

ಮೇಡಂ, ನಿಮ್ಮ ಮೇಲೆ ಗೌರವವಿದೆ. ಆದರೆ ಕೊರೊನಾ ಬಾರದವರೂ ಮರೆಯುತ್ತಾರೆ. ನಮ್ಮ ಗುಮಾಸ್ತನಿಗೆ ಸೋಂಕೇ ಬರಲಿಲ್ಲ. ಅವನು ಲಾರಿ ನಂಬರು ಮರೆಯುತ್ತಾನೆ, ಬಿಲ್ ಮರೆಯುತ್ತಾನೆ, ಮೊಬೈಲ್ ಮಾತ್ರ ಮರೆಯುವುದಿಲ್ಲ. ವಯಸ್ಸು, ನಿದ್ದೆಗೇಡು, ಚಿಂತೆ ಎಲ್ಲವನ್ನೂ ತಂದು ಕೊರೊನಾದ ಖಾತೆಗೆ ಹಾಕಿದರೆ ಹೇಗೆ? ಮಂಡಿಯಲ್ಲಿ ನಾವು ಹಾಗೆ ಲೆಕ್ಕ ಬರೆದರೆ ಅಂಗಡಿ ಮುಚ್ಚಬೇಕಾಗುತ್ತದೆ.

ಹರಿಹರದ ವೈದ್ಯೆ

ಈ ಸಲ ಮಂಡಿಯವರ ಮಾತಿನಲ್ಲಿ ತೂಕವಿದೆ. ಲಾಂಗ್ ಕೋವಿಡ್, ಅಂದರೆ ಸೋಂಕು ಹೋದ ಮೇಲೂ ತಿಂಗಳುಗಟ್ಟಲೆ ಉಳಿಯುವ ತೊಂದರೆ, ಎನ್ನುವ ಮೊದಲು ಬೇರೆಯದನ್ನು ಹುಡುಕಲೇಬೇಕು. ಬಿ12 ಕೊರತೆಯಿಂದ ಮರೆವು, ಪಾದದ ಜುಮುಜುಮು ಎರಡೂ ಬರುತ್ತವೆ. ಸಸ್ಯಾಹಾರಿಗಳಲ್ಲಿ ಇದು ತೀರಾ ಸಾಮಾನ್ಯ. ಥೈರಾಯ್ಡ್, ರಕ್ತಹೀನತೆ, ಸಕ್ಕರೆ, ಗೊರಕೆಯೊಂದಿಗೆ ಬರುವ ನಿದ್ದೆಯ ಉಸಿರುಗಟ್ಟು, ಖಿನ್ನತೆ ಎಲ್ಲವನ್ನೂ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ವ್ಯಾಖ್ಯೆಯಲ್ಲೂ ಲಕ್ಷಣಗಳು ಕನಿಷ್ಠ ಎರಡು ತಿಂಗಳು ಇರಬೇಕು, ಬೇರೆ ಕಾರಣದಿಂದ ಅವನ್ನು ವಿವರಿಸಲು ಆಗಬಾರದು ಎಂದಿದೆ. ಆದರೆ ‘ಬೇರೆ ಕಾರಣ ಹುಡುಕಿ’ ಎನ್ನುವುದು ಒಂದು, ‘ಮನಸ್ಸಿನದು’ ಎಂದು ಬಾಗಿಲು ಮುಚ್ಚುವುದು ಇನ್ನೊಂದು. ಮೊದಲನೆಯದು ವೈದ್ಯಕೀಯ.

ಜಾನುವಾರು ವೈದ್ಯ, ಚಳ್ಳಕೆರೆ

ಮನುಷ್ಯರ ವೈದ್ಯರ ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಕೊರೊನಾ ವೈರಸ್ಸುಗಳ ಜೊತೆ ನಮ್ಮ ಇಲಾಖೆಯ ಪರಿಚಯ ನಿಮ್ಮದಕ್ಕಿಂತ ಹಳೆಯದು. ಕೋಳಿಗಳ ಶ್ವಾಸರೋಗ ಐಬಿ 1930ರ ದಶಕದಿಂದ ಗೊತ್ತು. ಕೋಳಿ ಸಾಕುವ ಯಾರನ್ನಾದರೂ ಕೇಳಿ, ಅದರ ಲಸಿಕೆ ಹಾಕಿಸಿರುತ್ತಾರೆ. ಕರುಗಳ ಭೇದಿಗೆ ಕಾರಣವಾಗುವ ಕೊರೊನಾ ವೈರಸ್ಸು, ನಿಮ್ಮ ಸಾಮಾನ್ಯ ನೆಗಡಿಯ ಒಸಿ43 ವೈರಸ್ಸಿನ ಹತ್ತಿರದ ಬಂಧು.

ನಾನು ಹೇಳಬೇಕಾದದ್ದು ನರದ ವಿಷಯ. ಹಂದಿಮರಿಗಳಲ್ಲಿ ಒಂದು ಕೊರೊನಾ ವೈರಸ್ಸಿದೆ, 1960ರ ದಶಕದ ಆರಂಭದಲ್ಲಿ ಕೆನಡಾದಲ್ಲಿ ಪತ್ತೆಯಾಯಿತು. ಅದು ಮೂಗು-ಗಂಟಲಿನಲ್ಲಿ ಬೆಳೆದು, ಅಲ್ಲಿಂದ ನರಗಳ ಎಳೆಯನ್ನೇ ಹಿಡಿದು ಮಿದುಳುಕಾಂಡಕ್ಕೆ ಹೋಗುತ್ತದೆ. ಮರಿ ವಾಂತಿ ಮಾಡಿ ಮಾಡಿ ಸೊರಗಿ ಸಾಯುತ್ತದೆ. ತೊಂದರೆ ಹೊಟ್ಟೆಯದೆಂದು ಕಂಡರೂ ಕಾರಣ ನರ. ಇಲಿಗಳ ಕೊರೊನಾ ವೈರಸ್ಸಿನ ಜೆಎಚ್‌ಎಂ ಎಂಬ ತಳಿ 1949ರಿಂದ ಪ್ರಯೋಗಾಲಯಗಳಲ್ಲಿದೆ. ಅದು ಮಯಲಿನ್ ಹೊದಿಕೆಯನ್ನು ಕಳಚಿಹಾಕುತ್ತದೆ. ಮನುಷ್ಯರಲ್ಲಿ ಇದೇ ಹೊದಿಕೆ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಯ ಅಧ್ಯಯನಕ್ಕೆ ಅದೇ ಮಾದರಿ. ಇದೇ ವಂಶದ ವೈರಸ್ಸಿನಿಂದ ಬರುವ ಬೆಕ್ಕುಗಳ ಎಫ್‌ಐಪಿ ಕಾಯಿಲೆಗೂ ಮಿದುಳಿನ ರೂಪವೊಂದಿದೆ.

ಆದ್ದರಿಂದ ‘ವೈರಸ್ಸು ಮಿದುಳಿಗೆ ಹೋಗುವುದಿಲ್ಲ’ ಎಂದು ಅಷ್ಟು ಗಟ್ಟಿಯಾಗಿ ಹೇಳುವುದು ಬೇಡ ಎನ್ನಿಸುತ್ತದೆ. ಈ ವಂಶಕ್ಕೆ ಆ ದಾರಿ ಗೊತ್ತಿದೆ.

ಹರಿಹರದ ವೈದ್ಯೆ

ಒಳ್ಳೆಯ ಮಾತು ಸರ್. ವಂಶಕ್ಕೆ ದಾರಿ ಗೊತ್ತಿರುವುದು ನಿಜ. 2022ರಲ್ಲಿ ಅಮೆರಿಕದಲ್ಲಿ 44 ಜನರ ಶವಪರೀಕ್ಷೆ ವಿವರವಾಗಿ ನಡೆದು, ಮಿದುಳು ಸೇರಿದಂತೆ ದೇಹದ ಅನೇಕ ಕಡೆ ವೈರಸ್ಸಿನ ಆನುವಂಶಿಕ ವಸ್ತುವಾದ ಆರ್‌ಎನ್‌ಎ ಸಿಕ್ಕಿತು. ಒಬ್ಬರಲ್ಲಿ ಸೋಂಕಿನ 230 ದಿನಗಳ ಮೇಲೂ. ಆದರೆ ಮಿದುಳಿನಲ್ಲಿ ಅದಕ್ಕೆ ತಕ್ಕ ಉರಿಯೂತವಾಗಲೀ ಹಾನಿಯಾಗಲೀ ಅಷ್ಟಾಗಿ ಕಾಣಲಿಲ್ಲ. ಹೆಚ್ಚಿನ ಶವಪರೀಕ್ಷೆಗಳಲ್ಲಿ ಮಿದುಳಿನ ವೈರಸ್ಸಿನ ಪ್ರಮಾಣ ತೀರಾ ಅಲ್ಪ, ರಕ್ತನಾಳಗಳ ಹಾನಿ ಮತ್ತು ಉರಿಯೂತ ಅದಕ್ಕಿಂತ ಬಹಳ ಹೆಚ್ಚು. ಹಂದಿಮರಿಯ ಕಥೆ ಮನುಷ್ಯನಲ್ಲಿ ಪುನರಾವರ್ತನೆ ಆಗುತ್ತಿದೆ ಎನ್ನಲು ಇಷ್ಟು ಸಾಲದು. ರೋಗಿಗೆ ನಾನು ಹೇಳುವುದು: ಹಾನಿಯ ದೊಡ್ಡ ಪಾಲು ನಮ್ಮ ದೇಹದ ಪ್ರತಿಕ್ರಿಯೆಯದು, ವೈರಸ್ಸಿನ ಪ್ರಯಾಣದ್ದಲ್ಲ.

ಜಾನುವಾರು ವೈದ್ಯ, ಚಳ್ಳಕೆರೆ

ದೊಡ್ಡ ಪಾಲು ಎಂದಿರಿ, ಪೂರ್ತಿ ಎನ್ನಲಿಲ್ಲ. ಅಷ್ಟಕ್ಕೆ ಒಪ್ಪಿದೆ.

ಜಗಳೂರು ಸೊಸೆ

ನಮ್ಮ ಮಾವನವರಿಗೆ ಕೊರೊನಾ ಜ್ವರ ಬಿಟ್ಟು ಎರಡನೇ ವಾರದಲ್ಲಿ ಲಕ್ವ ಹೊಡೆಯಿತು. ಬೆಳಿಗ್ಗೆ ಟೀ ಲೋಟ ಹಿಡಿದವರು ಹಾಗೆಯೇ ಬಲಗೈ ಬಿಟ್ಟರು, ಬಾಯಿ ಒಂದು ಕಡೆ ಎಳೆಯಿತು. ಮನೆಯ ಹಿರಿಯರು ಗಾಳಿ ಸೋಕಿದೆ ಎಂದು ನಾಟಿ ಔಷಧಿಗೆ ಕರೆದೊಯ್ದರು, ಪಾರಿವಾಳದ ರಕ್ತ ಹಚ್ಚಿಸಿದರು. ದಾವಣಗೆರೆ ತಲುಪುವಾಗ ಸಂಜೆ. ಅವರು ಬದುಕಿದ್ದಾರೆ, ಕೋಲು ಹಿಡಿದು ನಡೆಯುತ್ತಾರೆ, ಮಾತು ಮಾತ್ರ ಇನ್ನೂ ತೊದಲು. ಇದಕ್ಕೂ ಕೊರೊನಾಕ್ಕೂ ಸಂಬಂಧವಿತ್ತೇ ಅಕ್ಕಾ? ಅವರಿಗೆ ಬಿಪಿ ಮೊದಲೇ ಇತ್ತು.

ಹರಿಹರದ ವೈದ್ಯೆ

ಇದ್ದಿರಬಹುದು ತಂಗಿ. ಬಿಪಿ ಮೊದಲೇ ಇದ್ದುದರಿಂದ ಅವರೊಬ್ಬರ ವಿಷಯದಲ್ಲಿ ಇದೇ ಕಾರಣ ಎಂದು ಬೆರಳು ತೋರಿಸಲು ಆಗುವುದಿಲ್ಲ. ಈ ಸೋಂಕು ರಕ್ತನಾಳಗಳ ಒಳಪದರವನ್ನು ಕೆಣಕುತ್ತದೆ, ರಕ್ತ ಸುಲಭವಾಗಿ ಹೆಪ್ಪುಗಟ್ಟುತ್ತದೆ. 2020ರ ವಸಂತದಲ್ಲಿ ನ್ಯೂಯಾರ್ಕಿನ ವೈದ್ಯರು 50 ವರ್ಷದೊಳಗಿನ ಐವರಲ್ಲಿ ದೊಡ್ಡ ರಕ್ತನಾಳ ಮುಚ್ಚಿ ಪಾರ್ಶ್ವವಾಯು ಆದದ್ದನ್ನು ವರದಿ ಮಾಡಿದಾಗ ನಾವೆಲ್ಲ ಎಚ್ಚೆತ್ತೆವು. ಸೋಂಕಿನ ನಂತರದ ಮೊದಲ ವಾರಗಳಲ್ಲಿ ಅಪಾಯ ಹೆಚ್ಚು.

ಇದನ್ನು ಓದುವ ಎಲ್ಲರಿಗೂ: ನರದ ಒಂದೊಂದು ತೊಂದರೆಗೂ ಅದರದೇ ಗಡಿಯಾರವಿದೆ. ಬ್ರೈನ್ ಫಾಗಿನದು ತಿಂಗಳುಗಳ ಗಡಿಯಾರ. ಲಕ್ವದ್ದು ನಿಮಿಷಗಳದ್ದು. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ನಾಲ್ಕೂವರೆ ಗಂಟೆಯ ಗಡುವು, ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ಮುಖ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ಆ ಕ್ಷಣದ ಗಂಟೆ ಎಷ್ಟೆಂದು ನೋಡಿಕೊಂಡು 108ಕ್ಕೆ ಕರೆ ಮಾಡಿ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ಬಾಯಿಗೆ ನೀರೂ ಹಾಕಬೇಡಿ, ಮಾತ್ರೆಯೂ ಬೇಡ. ಪಾರಿವಾಳವನ್ನು ಅದರ ಪಾಡಿಗೆ ಬಿಡಿ.

ಫಿಸಿಯೋಥೆರಪಿಸ್ಟ್, ಹೊಳಲ್ಕೆರೆ

ಗಡಿಯಾರದ ಮಾತು ಬಂದದ್ದರಿಂದ ಜಿಬಿಎಸ್, ಅಂದರೆ ಗಿಲನ್-ಬಾರೆ ಸಿಂಡ್ರೋಮ್ ಎಂಬ ನರದ ಕಾಯಿಲೆಯನ್ನೂ ಸೇರಿಸುತ್ತೇನೆ. ಸೋಂಕಾದ ಕೆಲವು ದಿನ ಅಥವಾ ವಾರಗಳ ಮೇಲೆ ರೋಗನಿರೋಧಕ ಶಕ್ತಿ ದಾರಿ ತಪ್ಪಿ ಕೈಕಾಲಿನ ನರಗಳ ಮೇಲೆಯೇ ಬೀಳುತ್ತದೆ. ಪಾದದಲ್ಲಿ ಜುಮುಜುಮು, ಆಮೇಲೆ ಮೆಟ್ಟಿಲು ಹತ್ತಲು ಆಗದಿರುವುದು, ಆಮೇಲೆ ಕೈ. ಹೀಗೆ ಬಲಹೀನತೆ ಕೆಳಗಿನಿಂದ ಮೇಲಕ್ಕೆ ಬರುತ್ತದೆ. ಉಸಿರಾಟದ ಸ್ನಾಯು ತಲುಪಿದರೆ ವೆಂಟಿಲೇಟರ್ ಬೇಕು. ಇಮ್ಯುನೊಗ್ಲಾಬ್ಯುಲಿನ್ ಅಥವಾ ಪ್ಲಾಸ್ಮಾ ಬದಲಾವಣೆ ಬೇಗ ಆದರೆ ಹೆಚ್ಚಿನವರು ಎದ್ದು ನಡೆಯುತ್ತಾರೆ. ದಿನದಿಂದ ದಿನಕ್ಕೆ ಏರುವ ಬಲಹೀನತೆ ಕಂಡರೆ ನಮ್ಮ ಬಳಿ ಮಾಲೀಷಿಗೆ ಬರಬೇಡಿ, ಮೊದಲು ಆಸ್ಪತ್ರೆಗೆ ಹೋಗಿ. 2025ರ ಆರಂಭದಲ್ಲಿ ಪುಣೆಯಲ್ಲಿ ಜಿಬಿಎಸ್ ಹೆಚ್ಚಿದಾಗ ಇದೂ ಕೊರೊನಾ ಎಂದು ಸಂದೇಶಗಳು ಹರಿದಾಡಿದವು. ಅಲ್ಲಿ ಸಿಕ್ಕದ್ದು ನೀರು-ಆಹಾರದಿಂದ ಬರುವ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ.

ಮೇಷ್ಟ್ರೇ, ನೀವು ಬರೆದ ‘ಒಂದು ದಿನ ಓಡಾಡಿದರೆ ಮರುದಿನ ಏಳಲಾಗದು’ ಎಂಬ ಸಾಲು ನನಗೆ ಮುಖ್ಯವಾಗಿ ಕಂಡಿತು. ಅಂಥವರಿಗೆ ‘ವಾಕಿಂಗ್ ಹೆಚ್ಚಿಸಿ, ಬೆವರು ಹರಿಸಿ’ ಎಂದು ಹೇಳಿದರೆ ಇನ್ನಷ್ಟು ಕುಸಿಯುತ್ತಾರೆ. ಶಕ್ತಿ ಮುಗಿಯುವ ಮೊದಲೇ ನಿಲ್ಲಿಸುವುದನ್ನು ಕಲಿಯಬೇಕು. ಕಷ್ಟದ ಪಾಠವನ್ನು ಮೊದಲ ಪಿರಿಯಡ್‌ಗೆ ಹಾಕಿಸಿಕೊಳ್ಳಿ, ಉತ್ತರಪತ್ರಿಕೆಗಳನ್ನು ಒಂದೇ ಸಂಜೆ ತಿದ್ದಬೇಡಿ. ಮತ್ತೆ, ಒಂದು ಪರೀಕ್ಷೆ ಮನೆಯಲ್ಲೇ ಮಾಡಿ: ಹತ್ತು ನಿಮಿಷ ಮಲಗಿ ನಾಡಿ ಎಣಿಸಿ, ಎದ್ದು ಗೋಡೆಯ ಪಕ್ಕ ನಿಂತು ಹತ್ತು ನಿಮಿಷದವರೆಗೆ ಆಗಾಗ ಎಣಿಸಿ. ಜೊತೆಗೆ ಯಾರಾದರೂ ಇರಲಿ. ಏನು ಬಂದಿತೆಂದು ಇಲ್ಲಿ ಬರೆಯಿರಿ.

ಜೋಳದ ಮಂಡಿ, ದಾವಣಗೆರೆ

ಜಿಬಿಎಸ್ ಲಸಿಕೆಯಿಂದ ಬರುತ್ತದೆ ಎಂದು ನಾನು ಕೇಳಿದ್ದು. ಅದನ್ನು ಯಾರೂ ಬರೆಯುತ್ತಿಲ್ಲವಲ್ಲ?

ಹರಿಹರದ ವೈದ್ಯೆ

ಬರೆಯುತ್ತೇನೆ. ನಮ್ಮಲ್ಲಿ ಕೋವಿಶೀಲ್ಡ್ ಎಂದು ಬಂದ ಆಸ್ಟ್ರಾಜೆನೆಕಾ ಲಸಿಕೆಯ ಅತಿ ವಿರಳ ಅಡ್ಡಪರಿಣಾಮಗಳ ಪಟ್ಟಿಗೆ ಯುರೋಪಿನ ಔಷಧ ನಿಯಂತ್ರಕರು 2021ರಲ್ಲೇ ಜಿಬಿಎಸ್ ಸೇರಿಸಿದ್ದಾರೆ. ಮುಚ್ಚಿಟ್ಟದ್ದಲ್ಲ. ಆದರೆ ಸೋಂಕಿನಿಂದ ಜಿಬಿಎಸ್ ಬರುವ ಸಾಧ್ಯತೆ ಲಸಿಕೆಯಿಂದ ಬರುವುದಕ್ಕಿಂತ ಹೆಚ್ಚು. ಲಸಿಕೆ ಪಡೆದವರಲ್ಲಿ ಲಾಂಗ್ ಕೋವಿಡ್ ಕಡಿಮೆ. ಎರಡನ್ನೂ ಒಟ್ಟಿಗೆ ಹೇಳಬೇಕು, ಒಂದನ್ನೇ ಹೇಳಿದರೆ ಅರ್ಧಸತ್ಯ.

ಕೋಟೆ ಮೇಷ್ಟ್ರು, ಚಿತ್ರದುರ್ಗ

ಮನೆಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಪರೀಕ್ಷೆ ಮಾಡಿದೆ. ಮಲಗಿದ್ದಾಗ ನಾಡಿ 76. ನಿಂತ ಐದನೇ ನಿಮಿಷಕ್ಕೆ 112, ಕಾಲು ನಡುಗಿತು. ಬಿಪಿ ಇಳಿಯಲಿಲ್ಲ. ಉಪ್ಪು ನೀರು ಹೆಚ್ಚು ಕುಡಿಯಬೇಕು ಎಂದು ಎಲ್ಲೋ ಓದಿದೆ. ನನಗೆ ಬಿಪಿಗೆ ಮಾತ್ರೆ ನಡೆಯುತ್ತಿದೆ.

ಹರಿಹರದ ವೈದ್ಯೆ

ಹತ್ತು ನಿಮಿಷದೊಳಗೆ 30ಕ್ಕಿಂತ ಹೆಚ್ಚು ಏರಿ, ಬಿಪಿ ಬೀಳದಿದ್ದರೆ ಪಾಟ್ಸ್ ಎಂಬ ತೊಂದರೆ ಇರಬಹುದೇ ಎಂದು ನೋಡಬೇಕು. ಎದೆಬಡಿತ, ಬಿಪಿ, ಬೆವರನ್ನು ನಮ್ಮ ಅರಿವಿಲ್ಲದೆ ನಡೆಸುವ ಸ್ವಾಯತ್ತ ನರಮಂಡಲದ ಎಡವಟ್ಟು ಅದು. ಪ್ರಾರ್ಥನೆಯಲ್ಲಿ ಕಣ್ಣು ಮಂಜಾಗುವುದು ಅದರಿಂದಲೇ ಇರಬಹುದು. ರಕ್ತಹೀನತೆ, ಥೈರಾಯ್ಡ್, ಬಿಪಿ ಮಾತ್ರೆಯ ಪ್ರಭಾವದಿಂದಲೂ ಹೀಗೆ ಆಗುತ್ತದೆ. ಇಸಿಜಿ, ಹಿಮೋಗ್ಲೋಬಿನ್, ಥೈರಾಯ್ಡಿನ ಟಿಎಸ್‌ಎಚ್, ಬಿ12 ಮಾಡಿಸಿ, ನಾಡಿಯ ಲೆಕ್ಕ ಬರೆದ ಚೀಟಿಯನ್ನೂ ಮಾತ್ರೆಯ ಪಟ್ಟಿಯನ್ನೂ ಹಿಡಿದು ಫಿಜಿಷಿಯನ್‌ರನ್ನು ಕಾಣಿ. ಹೆಚ್ಚು ಉಪ್ಪಿನ ಸಲಹೆ ಬಿಪಿ ಇಲ್ಲದವರಿಗೆ. ನಿಮಗೆ ಬೇಡ, ಖಂಡಿತ ಬೇಡ. ಪ್ರಾರ್ಥನೆಯ ಹೊತ್ತಿಗೆ ಕುಳಿತುಕೊಳ್ಳಲು ಶಾಲೆಗೆ ಒಂದು ವೈದ್ಯಕೀಯ ಚೀಟಿ ಬರೆಸಿಕೊಳ್ಳಿ, ಸಂಕೋಚ ಬೇಡ.

ಜೋಳದ ಮಂಡಿ, ದಾವಣಗೆರೆ

ಮೇಡಂ, ಇಷ್ಟು ಓದಿದ ಮೇಲೆ ಕೇಳುತ್ತಿದ್ದೇನೆ. ಎರಡೂ ಪಾದದಲ್ಲಿ ಬಹಳ ದಿನದಿಂದ ಜುಮುಜುಮು, ರಾತ್ರಿ ಉರಿ. ಚಪ್ಪಲಿ ಕಳಚಿದ್ದೂ ತಿಳಿಯದೆ ನಡೆದುಬಿಡುತ್ತೇನೆ. ಬಲ ಸರಿಯಾಗಿದೆ, ಮೆಟ್ಟಿಲು ಹತ್ತುತ್ತೇನೆ. ನನಗೂ ಆಗ ಕೊರೊನಾ ಬಂದಿತ್ತು. ಇದು ಅದೇ ಜಿಬಿಎಸ್ ಇರಬಹುದೇ?

ಹರಿಹರದ ವೈದ್ಯೆ

ಜಿಬಿಎಸ್ ಇಷ್ಟು ನಿಧಾನವಾಗಿ ಕಾಯುವುದಿಲ್ಲ. ನಿಮಗೆ ಸಕ್ಕರೆ ಕಾಯಿಲೆ ಇದೆಯೇ?

ಜೋಳದ ಮಂಡಿ, ದಾವಣಗೆರೆ

ಇದೆ. ಮಾತ್ರೆ ನೆನಪಾದಾಗ ತೆಗೆದುಕೊಳ್ಳುತ್ತೇನೆ.

ಹರಿಹರದ ವೈದ್ಯೆ

ಮಂಡಿಯವರೇ, ಈ ಬಾಬ್ತನ್ನು ಕೊರೊನಾದ ಖಾತೆಗೆ ಹಾಕಬೇಡಿ. ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಮಾಡಿಸಿ. ಸಕ್ಕರೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಬಿ12 ಕೂಡ ಮಾಡಿಸಿ, ಆ ಮಾತ್ರೆ ಅದನ್ನು ಇಳಿಸುತ್ತದೆ. ರಾತ್ರಿ ಮಲಗುವ ಮುನ್ನ ಎರಡೂ ಪಾದದ ತಳವನ್ನು ಗಾಯವಿದೆಯೇ ಎಂದು ನೋಡಿಕೊಳ್ಳಿ.

ಜೋಳದ ಮಂಡಿ, ದಾವಣಗೆರೆ

ಆಗಲಿ ಮೇಡಂ. ಈಗ ಜೋಳದ ಆವಕ ಜೋರಾಗಿದೆ, ಸೀಸನ್ ಮುಗಿದ ಮೇಲೆ ಒಂದು ದಿನ ಖಾಲಿ ಹೊಟ್ಟೆಯಲ್ಲಿ ಹೋಗಿ ಕೊಟ್ಟು ಬರುತ್ತೇನೆ.

ಹರಿಹರದ ವೈದ್ಯೆ

ಎಚ್‌ಬಿಎ1ಸಿಗೆ ಖಾಲಿ ಹೊಟ್ಟೆ ಬೇಕಿಲ್ಲ. ನಾಳೆ ಮಂಡಿಗೆ ಹೋಗುವ ದಾರಿಯಲ್ಲೇ ಕೊಡಿ.